ಬಚ್ಚಲು ಸೇರಿದ ಬಾಳೆಹಣ್ಣು

ನಮ್ಮ ಚಿಗವ್ವ ಸಂಸಾರ ಕಟ್ಟಿಕೊಳ್ಳಲಿಲ್ಲ ಎಂದು ಯಾರಂದರು? ಇರುವೆ, ಜೇನು, ಜೀರುಂಡೆಗಳ ಜೊತೆ ಅವಳದು ತುಂಬಿದ ಸಂಸಾರ! ಹುಳುಗಳ ಮೈಯೊಳಗಿನ ರಸಾಯನ ಹುಡುಕುತ್ತ ಕಾಲೇಜಿನ ಪ್ರಯೋಗಾಲಯದಲ್ಲೇ ಕೂದಲು ಹಣ್ಣು ಮಾಡಿಕೊಂಡವಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳೂ ಅವ್ವನ ಈ ತಂಗಿಯೇ; ಅಷ್ಟು ಹುಳುಗಳ ನಡುವೆ ನಾನೊಂದು ಹೆಚ್ಚುವರಿ ಹುಳು! ಈಗ ನಿವೃತ್ತಳಾಗಿ ಶಿಗ್ಗಾಂವಿಯ ಮನೆಯಲ್ಲಿದ್ದಾಳೆ. ನಿವೃತ್ತಿಯ ಸುದ್ದಿ ಕಾಲೇಜಿಗೆ ಗೊತ್ತು, ಅವಳಿಗಿನ್ನೂ ತಲುಪಿಲ್ಲ.

ಒಮ್ಮೆ ಸಕ್ಕರೆ ಡಬ್ಬಿಯತ್ತ ಹೊರಟಿದ್ದ ಇರುವೆ ಸಾಲನ್ನು ಒರೆಸಲು ಹೋದೆ.

“ಏ, ಮುಟ್ಟಬ್ಯಾಡ! ವಾಸನೀಲೆ ರಸ್ತಾ ಹಾಕ್ಕೊಂಡಾವ ಅವು!”

ಅಂದು ಸಪ್ಪೆ ಚಹಾ ಕುಡಿದೆವು. ನಮ್ಮೂರ ರಸ್ತೆ ಅಗೆಯುವವರನ್ನೂ ಯಾರಾದರೂ ಹೀಗೆ ಗದರಬಾರದೇ?

ಇನ್ನೊಮ್ಮೆ ತಡಸದಿಂದ ಬರುವಾಗ ಜೋಳದ ಹೊಲದ ಮೇಲೆ ಕಬ್ಬಕ್ಕಿಗಳ ಹಿಂಡು ಗಿರ್ರನೆ ತಿರುಗಿತು. ಚಿಗವ್ವ ಬಸ್ಸು ನಿಲ್ಲಿಸಿಯೇಬಿಟ್ಟಳು!

“ಯಾರ್ರೀ ಇಳಿಯೋರು?” ಎಂದ ಕಂಡಕ್ಟರ್.

“ಯಾರೂ ಇಲ್ಲಪಾ, ಅಲ್ಲಿ ನೋಡು! ಅವಕ್ಕ ಮುಂದಾಳು ಇಲ್ಲ. ಒಂದೊಂದೂ ತನ್ನ ಮಗ್ಗಲದ ಹಕ್ಕಿ ನೋಡಿಕೋತ ತಿರುಗತೈತಿ.”

“ನಮ್ಮ ಬಸ್ಸಿನ್ಯಾಗೂ ಹಂಗ ರೀ ಬಾಯಾರ. ಸ್ಟಾಪ್ ಬರೂದ್ರೊಳಗ ಒಬ್ರು ಎದ್ರ ಎಲ್ಲಾರೂ ಏಳ್ತಾರ!”

ಆಮೇಲೆ ಬಂತು ನನ್ನ ನಿಶ್ಚಿತಾರ್ಥ. ಒಳಗೆ ಜಾಗ ಸಾಲದೆಂದು ಅಂಗಳದ ಬೇವಿನ ಮರದಡಿ ಚಪ್ಪರ ಹಾಕಿದ್ದೆವು. ಹಾನಗಲ್ಲಿನ ಬೀಗರು ಉಡಿ ತುಂಬಲು ಬುಟ್ಟಿಗಟ್ಟಲೆ ಬಾಳೆಹಣ್ಣು ತಂದರು. ಚಿಗವ್ವ ಮೇಲೆ ನೋಡಿದಳು. ಕೊಂಬೆಯಲ್ಲಿ ಹೆಜ್ಜೇನು; ಹಿಂದಿನ ದಿನ ಇರಲಿಲ್ಲ, ಅಂದೇ ಬಂದು ಕೂತಿತ್ತು! ಜೇನು ಕಚ್ಚುವಾಗ ಬಿಡುವ ವಾಸನೆ ಮಾಗಿದ ಬಾಳೆಹಣ್ಣಿನಂತೆಯೇ ಇರುತ್ತದಂತೆ, ಉಳಿದ ಜೇನಿಗೆ ಅದೇ ಯುದ್ಧದ ಕಹಳೆಯಂತೆ. ಅದರಲ್ಲೂ ನನಗೆ ಜೇನು ಕಚ್ಚಿದರೆ ಉಸಿರೇ ಕಟ್ಟುತ್ತದೆ. ಚಿಕ್ಕಂದಿನಲ್ಲಿ ಒಮ್ಮೆ ಆಸ್ಪತ್ರೆ ಸೇರಿ ಬದುಕಿದವಳು ನಾನು.

ನೋಡನೋಡುತ್ತ ಬುಟ್ಟಿಗಳೆಲ್ಲ ಬಚ್ಚಲುಮನೆ ಸೇರಿದವು!

“ಉಡಿ ತುಂಬೂ ಹಣ್ಣು ಬಚ್ಚಲದಾಗ ಇಟ್ರಿ? ಇಂಥಾ ಮನೀ ಹೆಣ್ಣು ನಮಗ ಬ್ಯಾಡ!” ಎಂದು ಅತ್ತೆಯಾಗಬೇಕಾದವರು ಎದ್ದೇ ನಿಂತರು. ನನಗೆ ಒಪ್ಪಿಗೆಯಾದ ಹುಡುಗ ಇನ್ನೇನು ಕೈತಪ್ಪುವುದರಲ್ಲಿದ್ದ. ಬಾಯಿ ತೆರೆದರೆ ಗಂಟೆಗಟ್ಟಲೆ ಪಾಠ ಹೇಳುವ ಚಿಗವ್ವ ಮಾತ್ರ ತುಟಿ ಬಿಚ್ಚಲಿಲ್ಲ. ಹೆಣ್ಣಿನ ಊನವನ್ನು ಬೀಗರ ಮುಂದೆ ಆಡಬಾರದಲ್ಲ! ತನ್ನನ್ನು ಹುಚ್ಚಿ ಎಂದರೂ ಅನ್ನಲಿ ಎಂದು ತಲೆ ತಗ್ಗಿಸಿ ನಿಂತಳು. ಅವಳು ತಲೆ ತಗ್ಗಿಸಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ತಡೆಯಲಾಗಲಿಲ್ಲ.

“ಜೇನು ಕಚ್ಚಿದ್ರ ನಾ ಉಳಿಯೂದಿಲ್ರಿ. ಅದಕ್ಕ ಹಂಗ ಮಾಡ್ಯಾಳ್ರಿ ಚಿಗವ್ವ” ಎಂದುಬಿಟ್ಟೆ.

ಅತ್ತೆ ಒಮ್ಮೆ ಮರ ನೋಡಿದರು, ಒಮ್ಮೆ ನನ್ನನ್ನು ನೋಡಿದರು.

“ಮತ್ತ ಇಲ್ಲೇ ಯಾಕ ಕುಂಡ್ರಿಸೀರಿ ಕೂಸಿನ್ನ?” ಎನ್ನುತ್ತ ನನ್ನ ರಟ್ಟೆ ಹಿಡಿದು ಒಳಗೆ ನಡೆದರು. ಅವರ ಹಿಂದೆ ಮಗ್ಗುಲಿನವರು, ಅವರ ಹಿಂದೆ ಅವರ ಮಗ್ಗುಲಿನವರು, ಇಡೀ ಹಿಂಡು ಒಳಗೆ! ಕಂಡಕ್ಟರ್ ಇರಬೇಕಿತ್ತು. ಜಾಗ ಸಿಗದೆ ನನ್ನ ಹುಡುಗ ಬಚ್ಚಲ ಬಾಗಿಲಲ್ಲಿ ನಿಂತು ಬಾಳೆಹಣ್ಣು ಸುಲಿಯುತ್ತಿದ್ದ.

ಆ ನೂಕುನುಗ್ಗಲಲ್ಲಿ ಚಿಗವ್ವ ನನ್ನ ಪಕ್ಕಕ್ಕೆ ಬಂದಳು. ನನ್ನ ಕೈಯನ್ನು ಅತ್ತೆಯ ಕೈಯಲ್ಲಿಟ್ಟಳು.

“ಇಷ್ಟ ದಿನ ಇಕಿ ಮಗ್ಗಲಕ್ಕ ನಾ ಇದ್ದೆ. ಇನ್ನ ನೀವು ಇರ್ರಿ” ಎಂದಳು. ಅತ್ತೆ ಹೂಂ ಎಂದರು. ಚಿಗವ್ವ ಮಾತ್ರ ನನ್ನ ಇನ್ನೊಂದು ಕೈ ಬಿಡಲೇ ಇಲ್ಲ.