ಚೊಂಬಿನ ಹಾಲು, ಕಂಪ್ಯೂಟರಿನ ನೀರು

ಹಾಲಿನ ಚೊಂಬು ಇಡಲು ಕಾಮಾಕ್ಷಮ್ಮನವರಿಗೆ ಬೇರೆ ಜಾಗವೇ ಸಿಗಲಿಲ್ಲವೇ? ಸೀದಾ ಪಕ್ಕದ ಮನೆಗೆ ಬಂದು ಕೇದಾರನ ಕಂಪ್ಯೂಟರಿನ ಮಗ್ಗುಲಿಗೇ ಇಟ್ಟರು. ಹಾಸನದ ಕಾಲೇಜೊಂದರಲ್ಲಿ ಇಂಜಿನಿಯರಿಂಗ್ ಪಾಠ ಹೇಳುವ ಕೇದಾರ, ಪಾಪ, ಅಂದು ಮಧ್ಯಾಹ್ನ ಹೊಳೆನರಸೀಪುರಕ್ಕೆ ಹೆಣ್ಣು ನೋಡಲು ಹೊರಡಬೇಕಿತ್ತು. ಯಾವುದೋ ಮುಂಜಿಮನೆಯಲ್ಲಿ ಹಂಸಳನ್ನು ಕಂಡಾಗಿನಿಂದ ಅವನಿಗೆ ಅವಳದೇ ಧ್ಯಾನ. ಸಂಬಂಧ ತಂದವರೂ ಇದೇ ಕಾಮಾಕ್ಷಮ್ಮ.

"ಇದೇನೋ ಹೊಸದು?" ಎಂದರು.

"ಫ್ಲಾಪಿಯಲ್ಲಿ ತಂದಿರೋ ಸಾಫ್ಟ್‌ವೇರ್ ಅತ್ತೆ. ದ್ರವ ಯಾವುದು, ಎಷ್ಟು ಬಿಸಿ ಅಂತ ಹೇಳಿದ್ರೆ ಎಷ್ಟು ಮಂದ, ಎಷ್ಟು ಶಾಖ ಹಿಡಿಯುತ್ತೆ, ಎಲ್ಲ ಲೆಕ್ಕ ಹಾಕುತ್ತೆ." ತೋರಿಸಲು ಸುಲಭವೆಂದು ನೀರನ್ನೇ ಆರಿಸಿ ಗುಂಡಿ ಒತ್ತಿದ.

ಕಾಮಾಕ್ಷಮ್ಮ ಪರದೆಯ ಮೇಲಿನ ಇಂಗ್ಲಿಷನ್ನು ಕೂಡಿಸಿಕೊಂಡು ಓದಿದರು. "ವಾಟರ್." ಚೊಂಬು ನೋಡಿದರು. ಬಾಗಿಲಲ್ಲಿ ನಿಂತಿದ್ದ ಹಾಲಿನ ದೊಡ್ಡಯ್ಯನನ್ನು ನೋಡಿದರು. "ಏನಯ್ಯ ಇದು?"

ದೊಡ್ಡಯ್ಯ ಬೆವೆತುಹೋದ. "ಅದ್ಕೆಂಗ್ ಕಂಡೋಯ್ತು ಸಾ? ಕಟ್ಟಾಯದಿಂದ ಬರೋವಾಗ ಒಂದೀಟೇ ಒಂದೀಟು ಉಯ್ದಿದ್ದು ಕಣ ಸಾ."

"ಅದು ಚೊಂಬು ನೋಡಲ್ಲ ಅತ್ತೆ, ನೀರು ಅಂತ ನಾನೇ ಹೇಳಿದ್ದು" ಎಂದು ಕೇದಾರ ಹಣೆ ಚಚ್ಚಿಕೊಂಡ. ಮಾಡಿದವನೇ ಒಪ್ಪಿಕೊಂಡ ಮೇಲೆ ಕೇಳುವವರು ಯಾರು? ನೋಡುನೋಡುತ್ತಲೇ ಬೀದಿಯ ಹೆಂಗಸರೆಲ್ಲ ತುಪ್ಪ, ಜೇನು, ಸೀಮೆಎಣ್ಣೆ ಹಿಡಿದು ಸಾಲು ನಿಂತರು. ಅವರನ್ನು ಸಾಗಹಾಕಿ ಬಸ್ ಹತ್ತುವಷ್ಟರಲ್ಲಿ ಹೊಸ ಅಂಗಿಯ ಮೇಲೆ ಜೇನುತುಪ್ಪ ಚೆಲ್ಲಿತ್ತು.

ಹಂಸಳ ತಂದೆ ಲಕ್ಷ್ಮೀನರಸಿಂಹಯ್ಯನವರದು ಬಸ್‌ಸ್ಟ್ಯಾಂಡಿನ ಹತ್ತಿರ ಕಾಫಿ ಹೋಟೆಲು. ಕಾಮಾಕ್ಷಮ್ಮ ಆಗಲೇ ಫೋನು ಮಾಡಿ ಹುಡುಗನನ್ನು ಅಟ್ಟಕ್ಕೇರಿಸಿದ್ದರು. ಲಕ್ಷ್ಮೀನರಸಿಂಹಯ್ಯನವರ ಮುಖ ಮಾತ್ರ ಸಪ್ಪಗಿತ್ತು.

"ಹಾಲಲ್ಲಿ ನೀರಿದ್ರೆ ಹಿಡಿದುಬಿಡ್ತೀರಂತೆ. ನಮ್ಮದು ಹೋಟೆಲ್ ವ್ಯಾಪಾರ ನೋಡಿ. ಅಳಿಯ ಅಂದಮೇಲೆ ಬಂದು ಹೋಗಿ ಮಾಡೋರು."

ಕೇದಾರನಿಗೆ ಅರ್ಥವಾಯಿತು. "ಅಯ್ಯೋ, ಆ ಕಂಪ್ಯೂಟರಿಗೆ ಹಾಲು ಅನ್ನೋದೇ ಗೊತ್ತಿಲ್ಲ. ನೀರು, ಅಮೋನಿಯ, ಫ್ರಿಜ್ಜಿನ ಗ್ಯಾಸು, ಅಷ್ಟೇ. ನನಗೂ ಏನೂ ಗೊತ್ತಾಗಲ್ಲ, ದೇವರಾಣೆ."

ಲಕ್ಷ್ಮೀನರಸಿಂಹಯ್ಯ ಎದ್ದು ಬಂದು ಅವನ ಕೈ ಹಿಡಿದುಕೊಂಡರು. "ಹಾಗಾದ್ರೆ ನಮ್ಮ ಕಡೆಯಿಂದ ಒಪ್ಪಿಗೆ."

ಕೇದಾರನಿಗೆ ಕುಣಿಯುವಷ್ಟು ಸಂತೋಷವಾಯಿತು. ಅಷ್ಟರಲ್ಲಿ ಕಾಫಿ ತಂದ ಹಂಸ ಬಾಗಿಲಲ್ಲೇ ನಿಂತಳು.

"ನಂಗೆ ಬೇಡ ಅಪ್ಪ. ನಿಮ್ಮ ನೀರು ಕಾಫಿ ವಿಷಯ ಊರೆಲ್ಲ ಆಡ್ಕೊಳ್ಳೋದು ಕೇಳಿ ಸಾಕಾಗಿದೆ. ನಿಮ್ಮನ್ನ ಹಿಡಿಯೋರೊಬ್ಬರು ಮನೆಗೆ ಬರ್ತಾರೆ ಅಂತ ತಾನೇ ಬೆಳಿಗ್ಗೆ ಹೂಂ ಅಂದಿದ್ದು."

ತಟ್ಟೆ ಇಟ್ಟು ಒಳಗೆ ಹೊರಟೇಹೋದಳು. ಕೇದಾರನ ಕಣ್ಣು ಒದ್ದೆಯಾಯಿತು. ಲಕ್ಷ್ಮೀನರಸಿಂಹಯ್ಯ ಲೋಟವನ್ನು ಅವನ ಕಡೆ ಸರಿಸಿ ನಿಟ್ಟುಸಿರು ಬಿಟ್ಟರು.

"ಕುಡೀರಿ ಪಾಪ. ನಿಮಗೆ ಹೆದರಿ ಇವತ್ತು ಗಟ್ಟಿ ಹಾಲಲ್ಲೇ ಮಾಡಿಸಿದ್ದೆ. ಮೊದಲೇ ಹೇಳಿದ್ರೆ ಅದಾದ್ರೂ ಉಳೀತಿತ್ತು."