ಬುಟ್ಟಿಯಲ್ಲಿದ್ದ ಕತ್ತೆ

“ಇವತ್ತು ಈ ಕಂಪ್ಯೂಟರಿಗೆ ಒಂದು ಗತಿ ಕಾಣಿಸಿಯೇ ಏಳ್ತೀನಿ,” ಎಂದು ಲೇಬಲ್ ರಾಯರು ಭಾನುವಾರ ಬೆಳಿಗ್ಗೆ ಖಾಲಿ ಮನೆಗೆ ಘೋಷಿಸಿ ಕುರ್ಚಿ ಎಳೆದುಕೊಂಡರು.

ಲೇಬಲ್ ರಾಯರೆಂಬುದು ಗೋದಾಮಿನ ಹುಡುಗರು ಇಟ್ಟ ಬಿರುದು. ಮೊಳೆ, ತಿರುಪು, ನಲ್ಲಿಗಳ ಆ ದೊಡ್ಡ ಗೋದಾಮಿಗೆ ಅವರು ಮೇಲ್ವಿಚಾರಕರು. ಅಲ್ಲಿ ಚೀಟಿ ಅಂಟಿಸಿಕೊಳ್ಳದೆ ಒಂದು ಮೊಳೆಯೂ ಅಲುಗಾಡುವಂತಿರಲಿಲ್ಲ. ಮನೆಯಲ್ಲೂ ಅದೇ ರಾಜ್ಯಭಾರ. ಸಕ್ಕರೆ ಡಬ್ಬಿಗೆ ‘ಸಕ್ಕರೆ’, ಅದರ ಮುಚ್ಚಳಕ್ಕೆ ‘ಸಕ್ಕರೆಯ ಮುಚ್ಚಳ’. ಹೆಂಡತಿಯ ಹಣೆಗೆ ‘ಹೆಂಡತಿ’ ಎಂದು ಅಂಟಿಸದೆ ಉಳಿದದ್ದು ಧೈರ್ಯ ಸಾಲದೆ.

ಹಾರ್ಡ್ ಡಿಸ್ಕಿನಲ್ಲಿ ಜಾಗ ಮುಗಿಯಿತೆಂದು ಕಂಪ್ಯೂಟರು ಕೆಂಪು ಗೆರೆ ತೋರಿಸಿ ಗೋಳಾಡುತ್ತಲೇ ಇತ್ತು. ರಾಯರು ತೋಳೇರಿಸಿದರು. ಒಂದೇ ಫೋಟೋ ‘ಮುಖ್ಯ’ ಫೋಲ್ಡರಿನಲ್ಲೂ ಇತ್ತು, ‘ಅತಿ ಮುಖ್ಯ’ದಲ್ಲೂ ಇತ್ತು, ‘ಇತರೆ ಮುಖ್ಯ’ದಲ್ಲೂ ಇತ್ತು. ನಕಲುಗಳನ್ನೆಲ್ಲ ಹುಡುಕಿ ಹುಡುಕಿ ಅಳಿಸಿದರು. ಆದರೂ ಕೆಂಪು ಗೆರೆ ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ನೋಡಿದರೆ, ಅಳಿಸಿದ್ದೆಲ್ಲ ರಿಸೈಕಲ್ ಬಿನ್ ಎಂಬ ಕಸದ ಬುಟ್ಟಿಯಲ್ಲಿ ಹಾಯಾಗಿ ಕೂತಿತ್ತು. ಅವರು ಹಾಕದೆ ಇದ್ದದ್ದೂ ಅಲ್ಲಿ ಬೇಕಾದಷ್ಟಿತ್ತು.

“ಕಸವನ್ನೂ ಕೂಡಿಡೋ ಮನೆ ಇದೊಂದೇ,” ಎಂದು ಗೊಣಗಿ ಬುಟ್ಟಿ ಬರಿದು ಮಾಡುವ ಗುಂಡಿ ಒತ್ತಿದರು. ಶಾಶ್ವತವಾಗಿ ಅಳಿಸಲೇ ಎಂದು ಕಂಪ್ಯೂಟರು ವಿನಯದಿಂದ ಕೇಳಿತು. ಗೋದಾಮಿನಲ್ಲಿ ತಮ್ಮ ಅಪ್ಪಣೆಯನ್ನು ಎರಡನೇ ಸಲ ಕೇಳುವವರನ್ನು ಕಂಡರೆ ರಾಯರಿಗೆ ಆಗುತ್ತಿರಲಿಲ್ಲ. ಹೌದೆಂದು ಕುಟ್ಟಿದರು. ಕೆಂಪು ಗೆರೆ ನೀಲಿಯಾಯಿತು.

ಆದರೆ ಖಾಲಿ ಜಾಗ ಕಂಡರೆ ಸುಮ್ಮನಿರುವ ಜೀವವೇ ಅದು? ಫೋನಿನಲ್ಲಿ ತುಂಬಿಕೊಂಡಿದ್ದ ಗೋದಾಮಿನ ವಿಡಿಯೋಗಳನ್ನೆಲ್ಲ ತಂದು ಸುರಿದರು. ನಲ್ಲಿ ಇಳಿಸಿದ್ದು, ನಲ್ಲಿ ಏರಿಸಿದ್ದು, ಇಳಿಸಿದ ನಲ್ಲಿಯನ್ನು ಎಣಿಸಿದ್ದು. ಡಿಸ್ಕು ಮತ್ತೆ ತುಂಬಿ ತುಳುಕಿತು.

ಅಷ್ಟರಲ್ಲಿ ಹೆಂಡತಿ ಹೊಸ ಪೆನ್‌ಡ್ರೈವ್ ಕೊಂಡು ಒಳಗೆ ಬಂದರು. ಪರದೆ ನೋಡಿ ಬಾಗಿಲಲ್ಲೇ ನಿಂತರು.

“ಏನ್ರೀ, ಬುಟ್ಟಿ ಖಾಲಿ ಇದೆ?”

“ನಾನೇ ಮಾಡಿದ್ದು. ಹೊಗಳೋದಾದ್ರೆ ಕೂತ್ಕೊಂಡು ಹೊಗಳು.”

ಆಕೆ ಕೂತರು. ಹೊಗಳಲಿಲ್ಲ. “ಅದರಲ್ಲಿ ನನ್ನ ಕಥೆಗಳಿದ್ವು,” ಎಂದರು.

ಕಣ್ಣು ಕಾಣದ ಮಕ್ಕಳ ಶಾಲೆಗೆಂದು ಆಕೆ ಬೇಸಿಗೆಯಿಡೀ ತಾವೇ ಕಟ್ಟಿದ ಕಥೆಗಳನ್ನು ಓದಿ ರೆಕಾರ್ಡ್ ಮಾಡಿದ್ದರು. ಬೀದಿಯ ಸದ್ದು ಬೀಳಬಾರದೆಂದು ಬಟ್ಟೆ ಬೀರುವಿನೊಳಗೆ ಕೂತು ಬೆವರು ಸುರಿಸಿದ್ದರು. ನಾಳೆ ಬೆಳಿಗ್ಗೆ ಶಾಲೆಯಲ್ಲಿ ಅವನ್ನು ಕೇಳಿಸಬೇಕಿತ್ತು.

“ಕಥೆಗಳನ್ನ ಯಾರಾದ್ರೂ ಕಸದ ಬುಟ್ಟಿಯಲ್ಲಿ ಇಡ್ತಾರೇನೇ?”

“ಮತ್ತೆಲ್ಲಿ ಇಡ್ಲಿ? ಕಣ್ಣೆದುರಿಗೇ ಇಟ್ಟೆ, ‘ಮುಖ್ಯ’ಕ್ಕೆ ಸಾಗಿಸಿದ್ರಿ. ಅಲ್ಲಿಂದ ಹುಡುಕಿ ತಂದ್ರೆ ‘ಅತಿ ಮುಖ್ಯ’ಕ್ಕೆ ಹಾಕಿದ್ರಿ. ಅಲ್ಲಿಗೆ ಹೋದ್ರೆ ‘ಇತರೆ ಮುಖ್ಯ’ದಲ್ಲಿ ಕೂತಿತ್ತು. ಬೇಕಾದಾಗ ಬುಟ್ಟಿಯಿಂದ ಎತ್ಕೊಳ್ತಿದ್ದೆ, ಕೆಲಸ ಮುಗಿದ್ಮೇಲೆ ಮತ್ತೆ ಹಾಕ್ತಿದ್ದೆ. ಈ ಮನೇಲಿ ನೀವು ಜೋಡಿಸದೆ ಬಿಟ್ಟಿದ್ದ ಜಾಗ ಅದೊಂದೇ.”

ಕಂಪ್ಯೂಟರ್ ರಿಪೇರಿಯ ಭಾವಮೈದನಿಗೆ ಫೋನು ಹೋಯಿತು.

ಆತ ಬಂದವನೇ ಕೇಳಿದ, “ಭಾವ, ಬುಟ್ಟಿ ಖಾಲಿ ಮಾಡಿದ್ರೆ ಪರವಾಗಿಲ್ಲ. ಆಮೇಲೆ ಡಿಸ್ಕಿಗೆ ಹೊಸದಾಗಿ ಏನೂ ತುಂಬಿಲ್ಲ ತಾನೇ?”

“ಏನೋ, ಸ್ವಲ್ಪ ನಲ್ಲಿ.”

ಅಳಿಸಿದ್ದರ ಮೇಲೆ ಬೇರೇನಾದರೂ ಬಂದು ಕೂತರೆ ಹಳೆಯದು ಸಿಗುವುದಿಲ್ಲವೆಂದು ಆತ ಬಿಡಿಸಿ ಹೇಳಿದ. ತಡಕಾಡಿ ತಡಕಾಡಿ ಒಂದು ತುಣುಕು ಹೊರತೆಗೆದ. “ಒಂದು ಕಾಡಿನಲ್ಲಿ ಒಂದು” ಎಂದು ಹೆಂಡತಿಯ ದನಿ ಕೇಳಿತು. ಆಮೇಲೆ ಬರೀ ಗರ್ರ್ ಎಂಬ ಸದ್ದು.

ಹೆಂಡತಿಯ ಕಣ್ಣು ತುಂಬಿತು. ಬೈದಿದ್ದರೆ ರಾಯರು ತಡೆದುಕೊಳ್ಳುತ್ತಿದ್ದರು. ಇದನ್ನು ನೋಡಲಾಗದೆ ಮತ್ತೆ ತೋಳೇರಿಸಿದರು.

“ಈಗಲೇ ಮತ್ತೆ ಓದಿಬಿಡು. ಅಡುಗೆ, ಪಾತ್ರೆ ಎಲ್ಲ ನಂದು,” ಎಂದರು.

“ಕಥೆ ಬಾಯಿಗೆ ಬರುತ್ತೆ, ಓದ್ಬಹುದು. ಕತ್ತೆ ಆಗಲ್ಲ.”

“ಯಾವ ಕತ್ತೆ?”

“ಎಲ್ಲಾ ಕಥೆಗೂ ಕತ್ತೆನೇ ನಾಯಕ. ಮಾತು ಮಾತಿಗೂ ಅರಚುತ್ತೆ. ಅರಚಿ ಅರಚಿ ನನ್ನ ಗಂಟಲು ಕೂತುಹೋಗಿದೆ. ಇನ್ನೊಂದು ಸಲ ಅರಚಿದ್ರೆ ನಾಳೆ ಮಾತೇ ಬರಲ್ಲ.”

ಅಕ್ಕ, ತಮ್ಮ ಇಬ್ಬರೂ ತಿರುಗಿ ರಾಯರನ್ನೇ ನೋಡಿದರು.

ಗೋದಾಮಿನ ಸಾರ್ವಭೌಮರು ಬೀರುವಿನೊಳಗೆ ಮಂಡಿ ಮಡಚಿ ಕೂತರು. ಹ್ಯಾಂಗರಿನ ಕೊಕ್ಕೆ ಕಿವಿಗೆ ಚುಚ್ಚುತ್ತಿತ್ತು, ಕೋಟಿನ ತೋಳು ಮೂಗಿಗೆ ಬಡಿಯುತ್ತಿತ್ತು. ಹೆಂಡತಿ ಪಕ್ಕದಲ್ಲಿ ಮೈಕು ಹಿಡಿದು ಕಥೆ ಶುರುಮಾಡಿದರು, ಸನ್ನೆ ಕೊಟ್ಟರು. ರಾಯರು ಅರಚಿದರು.

“ಇದು ಕತ್ತೆಯಲ್ಲ, ಗೋದಾಮಿನ ಬಾಗಿಲು. ಇನ್ನೊಂದ್ಸಲ.”

ಅರಚಿದರು.

“ಅಧಿಕಾರಿ ಕೆಮ್ಮಿದ ಹಾಗಿದೆ. ಇದು ಪಾಪದ ಕತ್ತೆ ಕಣ್ರೀ, ಯಜಮಾನ ಅದರ ಹುಲ್ಲನ್ನೆಲ್ಲ ಎಸೆದುಬಿಟ್ಟಿದ್ದಾನೆ. ದುಃಖ ಬೇಕು.”

ರಾಯರು ಕಣ್ಣು ಮುಚ್ಚಿ ಬರಿದಾದ ಬುಟ್ಟಿಯನ್ನು ನೆನೆದರು. ಒಳಗಿನಿಂದ ಎಂಥ ದನಿ ಎದ್ದು ಬಂತೆಂದರೆ ಪಕ್ಕದ ಮನೆಯವರು ಕಿಟಕಿ ತೆರೆದು ಬೀದಿಯ ಎರಡೂ ಕಡೆ ನೋಡಿದರು. ಭಾವಮೈದ ಹಾಸಿಗೆಯ ಮೇಲೆ ಬಿದ್ದು ದಿಂಬು ಕಚ್ಚಿಕೊಂಡ. ದೀಪ ಹಚ್ಚುವ ಹೊತ್ತಿಗೆ ಕಥೆಗಳೆಲ್ಲ ಪೆನ್‌ಡ್ರೈವ್ ಸೇರಿದವು. ಬುಟ್ಟಿಯ ಹತ್ತಿರ ಯಾರೂ ಸುಳಿಯಲಿಲ್ಲ.

ಮರುದಿನ ಸಂಜೆ ಶಾಲೆಯ ದೊಡ್ಡ ಟೀಚರು ಫೋನು ಮಾಡಿದರು. ಹೊಗಳಿಕೆ ತಮಗೂ ಕೇಳಲೆಂದು ರಾಯರೇ ಸ್ಪೀಕರ್ ಒತ್ತಿದರು.

“ಮಕ್ಕಳು ನಕ್ಕೂ ನಕ್ಕೂ ಸುಸ್ತಾದ್ರು ಅಮ್ಮ. ನಿಮ್ಮ ಓದು ಚೆನ್ನಾಗಿದೆ, ಆದ್ರೆ ಆ ಕತ್ತೆ ಇದೆಯಲ್ಲ, ಅದು ಅಸಲಿ ಕತ್ತೆನೇ ಅಂತ ಎಲ್ಲರೂ ಹಟ ಹಿಡಿದಿದ್ದಾರೆ. ಮುಟ್ಟಿ ನೋಡ್ಬೇಕಂತೆ. ಒಂದಿನ ಕರ್ಕೊಂಡು ಬರೋಕಾಗುತ್ತಾ?”

ಬೇಡ ಬೇಡವೆಂದು ರಾಯರು ಎರಡೂ ಕೈ ಆಡಿಸಿದರು. ಹೆಂಡತಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಅದಕ್ಕೇನಂತೆ ಟೀಚರ್. ಶನಿವಾರ ಮಧ್ಯಾಹ್ನ ಅದಕ್ಕೆ ಗೋದಾಮಿನಲ್ಲಿ ಕೆಲಸ ಇರಲ್ಲ, ಕರ್ಕೊಂಡು ಬರ್ತೀನಿ. ತುಂಬಾ ಸಾಧು, ಮಕ್ಕಳು ಎಷ್ಟು ಬೇಕಾದ್ರೂ ಮುಟ್ಲಿ. ನಿಮ್ಮ ಆಫೀಸಿನ ಕಂಪ್ಯೂಟರ್ ಹತ್ರ ಮಾತ್ರ ಬಿಡಬೇಡಿ.”