ಮಿರಾಂಡ ಅಂದರೆ ಮಂಗಳೂರು!

ಮನೆತನದ ಹೆಸರು ಹೇಳಿದರೆ ಸಾಕು, ಊರು ಯಾವುದೆಂದು ನಾನು ಹೇಳಬಲ್ಲೆ. ಮಂಗಳೂರಿನಲ್ಲಿ ಎರಡು ವರ್ಷ ನೌಕರಿ ಮಾಡಿ ಗಳಿಸಿದ ವಿದ್ಯೆಯಿದು. ಐರ್ಲೆಂಡಿನ ನೇಸ್ ಪಟ್ಟಣಕ್ಕೆ ಬಂದ ಮೇಲೂ ಅದಕ್ಕೆ ತುಕ್ಕು ಹಿಡಿದಿರಲಿಲ್ಲ.

ಹೆಂಡತಿ ಸುಮಾಗೆ ದಿನ ತುಂಬುತ್ತಿತ್ತು. ಬಾಣಂತನಕ್ಕೆಂದು ಮೈಸೂರಿನಿಂದ ಅತ್ತೆ ಬಂದಿದ್ದರು. ವಾರ ಕಳೆಯುವಷ್ಟರಲ್ಲಿ ಅವರ ಮುಖ ಬಾಡಿತು.

"ಅಳಿಯಂದ್ರೇ, ಎಷ್ಟು ದಿನ ಅಂತ ಗೋಡೆ ಜೊತೆ ಮಾತಾಡ್ಲಿ? ಕನ್ನಡ ಬರೋ ಒಬ್ಬ ಹೆಂಗಸು ಸಿಕ್ಕಿದ್ರೆ ಇರ್ತೀನಿ. ಇಲ್ಲಾಂದ್ರೆ ಟಿಕೆಟ್ ಮಾಡಿಸಿಬಿಡಿ."

ಅತ್ತೆ ಹೊರಟರೆ ಬಾಣಂತಿಗೆ ಎಣ್ಣೆ ಹಚ್ಚುವುದು, ಮಗುವಿಗೆ ನೀರು ಹಾಕಿ ಸಾಂಬ್ರಾಣಿ ಹೊಗೆ ಕೊಡುವುದು, ಎಲ್ಲವೂ ನನ್ನ ತಲೆಗೆ! ಕನ್ನಡದ ಹೆಂಗಸನ್ನು ಹುಡುಕಲೇಬೇಕಾಯಿತು. ಪಕ್ಕದ ಮನೆಯವರ ಹೆಸರು ಬರ್ನ್. ಅಪ್ಪಟ ಐರಿಶ್ ಹೆಸರು. ಅಲ್ಲಿ ಕನ್ನಡ ಹುಡುಕುವಷ್ಟು ದಡ್ಡ ನಾನಲ್ಲ.

ಮರುದಿನವೇ ದೇವರು ಕಣ್ಣು ಬಿಟ್ಟ. ಎದುರುಮನೆಯ ಪಾರ್ಸೆಲ್ಲನ್ನು ಕೊರಿಯರಿನವನು ನಮ್ಮಲ್ಲಿ ಬಿಟ್ಟುಹೋಗಿದ್ದ. ಅದರ ಮೇಲೆ 'ಮಿರಾಂಡ' ಎಂದಿತ್ತು.

"ಸುಮಾ, ಎದುರುಮನೆಯವರು ಮಂಗಳೂರಿನವರು ಕಣೇ!"

"ಮಾತಾಡಿಸಿದ್ರಾ?"

"ಅದೆಲ್ಲ ಯಾಕೆ? ಮಿರಾಂಡ ಅನ್ನೋದು ಸ್ಪೇನ್, ಪೋರ್ಚುಗಲ್ ಕಡೆ ಊರಿನ ಹೆಸರು. ಪೋರ್ಚುಗೀಸರು ಗೋವಾಕ್ಕೆ ತಂದ್ರು, ಗೋವಾದವರು ಮಂಗಳೂರಿಗೆ ತಂದ್ರು. ಈಗ ಅಲ್ಲಿ ಬೀದಿಗೊಂದು ಮಿರಾಂಡ ಮನೆ."

"ಹಾಗಿದ್ರೆ ಇವರು ಸ್ಪೇನಿನವರೂ ಆಗಿರಬಹುದಲ್ಲಾ?"

"ಅಷ್ಟು ಬಿಸಿಲು ಬಿಟ್ಟು ಯಾರಾದ್ರೂ ನೇಸಿಗೆ ಬರ್ತಾರಾ?"

ಅವಳು ಕೈಮುಗಿದು ಒಳಗೆ ಹೋದಳು. ನಾನು ಗೆದ್ದೆ!

ಪಾರ್ಸೆಲ್ ಹಿಡಿದು ಹೋದೆ. ಬಾಗಿಲು ತೆರೆದವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಿನಲ್ಲಿ ಮುಳುಗಿದ್ದ. ಗೋಧಿ ಬಣ್ಣ, ದಪ್ಪ ಮೀಸೆ. ಕದ್ರಿಯಲ್ಲೇ ನೋಡಿದ ಮುಖ! "ಸಂಡೇ ಲಂಚಿಗೆ ಮಿಸೆಸ್ ಕರ್ಕೊಂಡು ಬನ್ನಿ" ಎಂದು ಕನ್ನಡದಲ್ಲೇ ಕರೆದೆ. ಅವನು ಹೆಬ್ಬೆರಳೆತ್ತಿ, ಇಲ್ಲಿನವರು 'ಆಗಲಿ' ಎನ್ನುವ ಹಾಗೆ, "ಗ್ರ್ಯಾಂಡ್" ಎಂದ. ಇನ್ನೇನು ಪುರಾವೆ ಬೇಕು?

ಭಾನುವಾರ ಅತ್ತೆ ನೀರುದೋಸೆ ಹೊಯ್ದು, ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲೇ ನಿಂತರು. ಬಂದ ಹೆಂಗಸು ಅತ್ತೆಯನ್ನು ಬಾಚಿ ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟಳು. ಅತ್ತೆ ಕಂಗಾಲು! ಸಾವರಿಸಿಕೊಂಡು, "ಯಾವೂರಮ್ಮಾ ನಿಂದು?" ಎಂದರು. ಆಕೆ ನನ್ನತ್ತ ನೋಡಿದಳು. ನಾನು ಇಂಗ್ಲಿಷಿನಲ್ಲಿ ಕೇಳಿದೆ.

"ಬ್ರೆಜಿಲ್."

"ಅದು ಪುತ್ತೂರು ಕಡೆನಾ?" ಎಂದು ಅತ್ತೆ ನನ್ನನ್ನೇ ಕೇಳಿದರು.

"ಸ್ವಲ್ಪ ಮುಂದೆ, ಅತ್ತೆ."

ಊಟದ ನಡುವೆ ಆ ಮೀಸೆಯವನು ಇಂಗ್ಲಿಷಿನಲ್ಲಿ, ತಮ್ಮೂರಿನಲ್ಲಿ ಎತ್ತ ನೋಡಿದರೂ ಮಿರಾಂಡಗಳೇ ಎಂದು ಹೆಮ್ಮೆಪಟ್ಟ. ಆಮೇಲೆ ನನ್ನ ಹೆಸರು ಕೇಳಿದ. ಕುಮಾರ್ ಎಂದೆ. "ಓ! ನಮ್ಮ ಆಫೀಸಲ್ಲೂ ಒಬ್ಬ ಕುಮಾರ್ ಇದ್ದಾನೆ. ನಿಮ್ಮ ತಮ್ಮನಾ?" ಎಂದ. ಎಂಥ ಅಜ್ಞಾನಿ! ಬರೀ ಹೆಸರು ಹಿಡಿದುಕೊಂಡು ಯಾರಾದರೂ ಹೀಗೆ ತೀರ್ಮಾನ ಮಾಡುತ್ತಾರೆಯೇ?

ಅವರು ಹೋದ ಮೇಲೆ ಅತ್ತೆ ಹೇಳಿದ್ದು ಒಂದೇ ಮಾತು: "ಟಿಕೆಟ್."

ಮರುದಿನ ಅತ್ತೆ ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದಾಗ ಮಳೆ ಬಂತು. ಅವರು ಮಳೆಗೂ ಅಳಿಯನಿಗೂ ಸೇರಿಸಿ ಗಟ್ಟಿಯಾಗಿ ಬೈಯತೊಡಗಿದರು. ಬೇಲಿಯಾಚೆಯಿಂದ ನಗು ಕೇಳಿತು.

"ಬೈಬೇಡಿ ಅಮ್ಮಾ, ಇಲ್ಲಿನ ಮಳೆಗೆ ಬೈದ್ರೆ ಇನ್ನೂ ಜೋರಾಗ್ತದೆ!"

ನಾನೂ ಸುಮಾಳೂ ಹೊರಗೆ ಬಂದೆವು. ಪಕ್ಕದ ಮನೆಯ ಬರ್ನ್ ಅವರ ಹೆಂಡತಿ! ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮಾಡಿ ಹಗಲೆಲ್ಲ ಮಲಗುವ ಆಕೆಯನ್ನು ನಾವು ನೋಡಿಯೇ ಇರಲಿಲ್ಲ.

"ನಾನು ಲವೀನಾ. ಮಂಗಳೂರು. ಮದುವೆಗೆ ಮೊದಲು ಲವೀನಾ ಮಿರಾಂಡ."

"ಕೇಳಿಸ್ತಾ ಸುಮಾ? ಮಿರಾಂಡ ಅಂದ್ರೆ ಮಂಗಳೂರು ಅಂತ ನಾನು ಹೇಳಿರ್ಲಿಲ್ವಾ!" ಎಂದು ಎದೆಯುಬ್ಬಿಸಿದೆ.

"ಅಳಿಯಂದ್ರೇ, ಈ ಬಟ್ಟೆ ಒಳಗೆ ತಗೊಂಡು ಹೋಗಿ. ನಾವು ಮಾತಾಡ್ತಿದ್ದೀವಿ" ಎಂದರು ಅತ್ತೆ, ನನ್ನತ್ತ ತಿರುಗದೆ.

ಅಂತೂ ಅತ್ತೆ ಉಳಿದರು. ಬೇಲಿಯ ಬಳಿಯೇ ಉಳಿದರು! ಮಗಳು ಹುಟ್ಟಿದ ಮೇಲೆ ಎಣ್ಣೆ, ನೀರು, ಸಾಂಬ್ರಾಣಿ ಎಲ್ಲವನ್ನೂ ನಾನೇ ಕಲಿತೆ. ಹೊಗೆಗೆ ಸ್ಮೋಕ್ ಅಲಾರಂ ಬಡಿದುಕೊಂಡಾಗ ಮಾತ್ರ ಅತ್ತೆ ಒಮ್ಮೆ ಇತ್ತ ತಿರುಗಿ, "ನಮ್ಮ ಅಳಿಯಂದ್ರು" ಎಂದು ಲವೀನಾಗೆ ಹೇಳಿ ಮಾತು ಮುಂದುವರಿಸುತ್ತಾರೆ.